ಘಟ್ಟದ ದಾರಿಯೂ ಕೊಳೆತ ಕಲ್ಲೂ

ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಈ ನಾಲ್ಕು ತಾಲೂಕುಗಳ ಜನರಿಗೆ ಕಡಲು ದೂರದ್ದಲ್ಲ. ನಡುವೆ ಘಟ್ಟ ಅಡ್ಡ ಬಿದ್ದಿದೆ, ಅಷ್ಟೆ. ಹಾನಗಲ್ಲಿನಿಂದ ಶಿರಸಿಗೆ ಹೋಗಿ ದೇವಿಮನೆ ಘಟ್ಟವನ್ನಿಳಿದರೆ ಕುಮಟೆ. ಶಿಗ್ಗಾಂವಿ, ಸವಣೂರಿನವರು ಯಲ್ಲಾಪುರದ ಹಾದಿ ಹಿಡಿದು ಅರಬೈಲು ಘಟ್ಟವಿಳಿದರೆ ಅಂಕೋಲೆ. ಹಿರೇಕೆರೂರಿನವರಿಗೆ ಸಾಗರದ ಮೇಲೆ ಗೇರುಸೊಪ್ಪೆ, ಅಲ್ಲಿಂದ ಹೊನ್ನಾವರ. ಹಿಂದೆ ಈ ದಾರಿಗಳಲ್ಲಿ ಹತ್ತಿ, ಮೆಣಸಿನಕಾಯಿ ಇಳಿಯುತ್ತಿದ್ದವು. ಉಪ್ಪು, ತೆಂಗಿನಕಾಯಿ, ಒಣಮೀನು ಏರುತ್ತಿದ್ದವು. ಈಗ ಗೋಕರ್ಣಕ್ಕೆ ಹೋಗುವ ಮುದುಕರು, ಕರಾವಳಿಯ ಆಸ್ಪತ್ರೆಗೆ ಹೋಗುವ ರೋಗಿಗಳು, ಪ್ರವಾಸಕ್ಕೆ ಹೊರಟ ಶಾಲೆಯ ಮಕ್ಕಳು ಎಲ್ಲರೂ ಇದೇ ಗುಡ್ಡಗಳ ಬುಡದಲ್ಲಿ ಹಾಯ್ದು ಹೋಗಬೇಕು.

ಆದುದರಿಂದ ೨೦೨೪ನೆಯ ಇಸವಿ ಜುಲೈ ೧೬ರಂದು ಅಂಕೋಲೆಯ ಬಳಿ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದ ಸುದ್ದಿ ಬಂದಾಗ ನಮ್ಮ ಕಡೆಯ ಮನೆಗಳಲ್ಲಿಯೂ ಕಳವಳವಾಯಿತು. ರಸ್ತೆಯ ಬದಿಯ ಚಹದಂಗಡಿ, ಅದನ್ನು ನಡೆಸುತ್ತಿದ್ದ ಸಂಸಾರ, ನಿಂತಿದ್ದ ವಾಹನಗಳು ಮಣ್ಣಿನ ಪಾಲಾದವು. ಮಣ್ಣು ಗಂಗಾವಳಿ ಹೊಳೆಗೆ ನುಗ್ಗಿದ ರಭಸಕ್ಕೆ ನೀರು ಎದ್ದು ಆಚೆಯ ದಡದ ಉಳುವರೆಯ ಮನೆಗಳಿಗೆ ಬಡಿಯಿತು. ಮರ ಹೊತ್ತು ನಿಂತಿದ್ದ ಒಂದು ಲಾರಿಯೂ ಅದರ ಚಾಲಕನೂ ಹೊಳೆಯ ತಳದಲ್ಲಿ ಸಿಕ್ಕಿದ್ದು ಸಪ್ಟಂಬರ ೨೫ರಂದು, ಎರಡು ತಿಂಗಳು ಕಳೆದ ಮೇಲೆ.

ಮಳೆ ಬಹಳವಾಯಿತು, ಗುಡ್ಡ ಕುಸಿಯಿತು ಎಂದು ಹೇಳಿ ನಾವು ಸುಮ್ಮನಾಗುವುದುಂಟು. ಆದರೆ ಆ ಮಳೆ ಒಂದೇ ಗುಡ್ಡದ ಮೇಲೆ ಬೀಳಲಿಲ್ಲ. ಪಕ್ಕದ ಗುಡ್ಡ ನಿಂತಿತು, ಇದು ಬಿದ್ದಿತು. ಬುಡವನ್ನು ಹೆದ್ದಾರಿಗಾಗಿ ಕಡಿದಿದ್ದರೆಂಬುದು ಒಂದು ಕಾರಣ. ಆದರೆ ಬುಡ ಕಡಿದ ಗುಡ್ಡಗಳೆಲ್ಲವೂ ಬೀಳುವುದಿಲ್ಲ. ಉತ್ತರದ ಇನ್ನೊಂದು ಪಾಲು ಕಲ್ಲಿನ ಒಡಲಲ್ಲಿದೆ. ಕಲ್ಲಿನಲ್ಲಿ ಯಾವ ಧಾತು ಉಳಿದಿದೆ, ಯಾವುದು ತೊಳೆದು ಹೋಗಿದೆ ಎಂಬುದನ್ನು ಅಳೆದು ಇಳಿಜಾರಿನ ಗಟ್ಟಿತನವನ್ನು ಊಹಿಸುವ ವಿದ್ಯೆಯೊಂದು ಬೆಳೆದು ಬಂದಿದೆ. ಅದರ ಕಥೆಯ ಮೊದಲ ಅಧ್ಯಾಯ ನಮ್ಮ ನೆರೆಯಲ್ಲಿಯೇ ನಡೆಯಿತು.

೧೭೯೯ರಲ್ಲಿ ಟೀಪೂ ಸುಲ್ತಾನನ ರಾಜ್ಯ ಬಿದ್ದ ತರುವಾಯ ಈ ಸೀಮೆಗಳ ಬೆಳೆ, ಕಸಬು, ನೆಲ, ಕಲ್ಲುಗಳನ್ನು ವಿಚಾರಿಸಿ ಬರಲು ಕಂಪನಿ ಸರಕಾರವು ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನನ್ನು ಕಳುಹಿಸಿತು. ೧೮೦೦-೧೮೦೧ರಲ್ಲಿ ಅವನು ಮೈಸೂರು, ಮಲಬಾರ, ಕನ್ನಡ ಜಿಲ್ಲೆಗಳನ್ನು ಸುತ್ತಿದನು. ಘಟ್ಟ ಹತ್ತಿ ಸೋಂದೆ, ಶಿರಸಿ, ಬನವಾಸಿಗಳನ್ನೂ ಕಂಡನು. ಮಲಬಾರದ ಅಂಗಾಡಿಪುರದಲ್ಲಿ ಜನ ನೆಲದೊಳಗಿನ ಮೆತ್ತನೆಯ ಕಲ್ಲನ್ನು ಕಬ್ಬಿಣದ ಹತ್ಯಾರಗಳಿಂದ ಕೊಯ್ದು ತೆಗೆಯುವುದನ್ನೂ ಅದು ಗಾಳಿಗೆ ತೆರೆದುಕೊಂಡ ಮೇಲೆ ಇಟ್ಟಿಗೆಯಂತೆ ಬಿರುಸಾಗುವುದನ್ನೂ ನೋಡಿ ಬೆರಗಾದನು. ೧೮೦೭ರಲ್ಲಿ ಅಚ್ಚಾದ ಅವನ ಪ್ರವಾಸಗ್ರಂಥದಲ್ಲಿ ಆ ಕಲ್ಲಿಗೆ ಲ್ಯಾಟರೈಟ್ ಎಂಬ ಹೆಸರು ಬಂದಿತು. ಲ್ಯಾಟಿನ್ ಭಾಷೆಯಲ್ಲಿ ‘ಲಾಟರ್’ ಎಂದರೆ ಇಟ್ಟಿಗೆ. ನಮ್ಮವರು ಅದನ್ನು ಜಂಬಿಟ್ಟಿಗೆ ಎಂದು ಕರೆಯುತ್ತಾರೆ. ನಮ್ಮ ಹೆಸರಿನಲ್ಲಿಯೂ ಇಟ್ಟಿಗೆ ಇದೆ! ಕರಾವಳಿಯವರ ಚಿರೇಕಲ್ಲು, ಮುರಕಲ್ಲು ಎಂಬುವೂ ಇದೇ.

ಬುಕಾನನ್ನನು ಕಲ್ಲಿನ ಹೊರಗುಣವನ್ನು ಬರೆದಿಟ್ಟನು. ಈ ಜಂಬಿಟ್ಟಿಗೆ ಮೊದಲಿನಿಂದ ಜಂಬಿಟ್ಟಿಗೆಯಲ್ಲ, ಬೇರೊಂದು ಕಲ್ಲು ಲಕ್ಷಾಂತರ ವರ್ಷ ಮಳೆಯಲ್ಲಿ ನೆನೆದು ಹೀಗಾದದ್ದು ಎಂಬ ತಿಳಿವಳಿಕೆ ಆಮೇಲಿನದು. ೧೮೮೦ರ ದಶಕದಲ್ಲಿ ರಾಬರ್ಟ್ ಬ್ರೂಸ್ ಫುಟ್ ಎಂಬ ಭೂವಿಜ್ಞಾನಿ ನಮ್ಮ ಭಾಗದ ಪುರಾತನ ಕಲ್ಲುಗಳ ಸಮೂಹಕ್ಕೆ ‘ಧಾರವಾಡ’ದ ಹೆಸರನ್ನೇ ಇಟ್ಟನು. ಇಂದಿಗೂ ಜಗತ್ತಿನ ಭೂವಿಜ್ಞಾನಿಗಳ ಬಾಯಲ್ಲಿ ನಮ್ಮ ಹಳೆಯ ಜಿಲ್ಲೆಯ ಹೆಸರು ಓಡಾಡುತ್ತಿದೆ.

ಇದಕ್ಕೂ ಮುಂಚೆ ದಾರಿ ಕಡಿಯುವವರು ಬಂದಾಗಿತ್ತು. ೧೮೬೧ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಹತ್ತಿ ಅಲ್ಲಿಯ ಅರಳೆ ಇಂಗ್ಲೆಂಡಿನ ಗಿರಣಿಗಳಿಗೆ ತಪ್ಪಿತು. ಧಾರವಾಡ ಜಿಲ್ಲೆಯ ಹತ್ತಿಗೆ ಏಕಾಏಕಿ ಬೆಲೆ ಬಂದಿತು. ಬೆಳೆದದ್ದು ನಮ್ಮ ಎರೆಹೊಲಗಳಲ್ಲಾದರೂ ಅದು ಹಡಗು ಹತ್ತಿದ ಬಂದರಿನ ಹೆಸರಿನಿಂದ ‘ಕುಮಟಾ ಹತ್ತಿ’ ಎನಿಸಿಕೊಂಡಿತು. ೧೮೬೨ರಲ್ಲಿ ಉತ್ತರ ಕನ್ನಡವನ್ನು ಮದರಾಸು ಇಲಾಖೆಯಿಂದ ಬಿಡಿಸಿ ಮುಂಬಯಿ ಇಲಾಖೆಗೆ ಸೇರಿಸಿದ್ದರಲ್ಲಿ ಕಾರವಾರ ಬಂದರದ ಆಸೆಯೂ ಇದ್ದಿತು. ಹೇರೆತ್ತಿನ ಕಾಲುದಾರಿಗಳನ್ನು ಬಂಡಿ ಹೋಗುವಂತೆ ಅಗಲಿಸಿದರು. ಬಂಡಿಯ ದಾರಿ ಗುಡ್ಡದ ಮೈಯನ್ನು ಬಳಸಿ ಬಳಸಿ ಇಳಿಯುತ್ತದೆ; ಗುಡ್ಡವನ್ನು ಆಳವಾಗಿ ಕಡಿಯುವ ಹಣವೂ ಯಂತ್ರವೂ ಆಗ ಇರಲಿಲ್ಲ. ಈ ಬಡತನವೇ ಆ ದಾರಿಗಳನ್ನು ಕಾಪಾಡಿತೆಂದು ನನಗೆ ತೋರುತ್ತದೆ. ನೂರೈವತ್ತು ವರ್ಷಗಳ ಮೇಲೆ ನಾಲ್ಕು ಸಾಲಿನ ಹೆದ್ದಾರಿಗೆ ಗುಡ್ಡದ ಬುಡವನ್ನೇ ಗೋಡೆಯಂತೆ ಕಡಿಯತೊಡಗಿದಾಗ ಅದುವರೆಗೆ ಹೊರಗೆ ಕಾಣದಿದ್ದ ಒಳಪದರಗಳು ಬಯಲಿಗೆ ಬಂದವು.

ಆ ಪದರಗಳ ಮಾತನ್ನು ನನಗೆ ಮೊದಲು ಹೇಳಿದವನು ಪಂಡಿತನಲ್ಲ, ಬಸ್ಸಿನ ಚಾಲಕ. ಕೆಲವು ವರ್ಷಗಳ ಕೆಳಗೆ ಆಷಾಢದಲ್ಲಿ ಕುಮಟೆಯಿಂದ ಮರಳುತ್ತಿದ್ದೆನು. ದೇವಿಮನೆ ಘಟ್ಟದ ಒಂದು ತಿರುವಿನಲ್ಲಿ ಆತ ಬಸ್ಸು ನಿಲ್ಲಿಸಿ, ಕೆಳಗಿಳಿದು, ದರೆಯಿಂದ ಒಸರುವ ನೀರನ್ನು ಕೈಯಲ್ಲಿ ಹಿಡಿದು ನೋಡಿ ಬಂದನು. “ಏನಪ್ಪಾ ನೋಡಿದಿ?” ಎಂದೆ. “ಕೆಂಪು ನೀರು ಬಂದ್ರ ಅಷ್ಟು ಅಂಜೂದಿಲ್ರೀ ಮಾಸ್ತರ. ಹಾಲಿನಂಗ ಬಿಳೇ ನೀರು ಬಂದ್ರ ಒಳಗಿನ ಶೇಡಿ ಕರಗೇತಿ ಅಂತ ತಿಳೀಬೇಕ್ರೀ” ಎಂದನು. ನಾನು ಆಗ ನಕ್ಕಿದ್ದೆ. ನಗಬಾರದಿತ್ತು.

ಶೇಡಿಮಣ್ಣೆಂದರೆ ಮಲೆನಾಡಿನ ಹೆಣ್ಣುಮಕ್ಕಳು ಗೋಡೆಗೆ ಸಾರಿಸಿ ಚಿತ್ತಾರ ಬರೆಯುವ ಬಿಳಿಯ ಜೇಡಿ. ಘಟ್ಟದ ಗುಡ್ಡಗಳನ್ನು ಎಷ್ಟೋ ಕಡೆ ಮೇಲಿನಿಂದ ಕೆಳಕ್ಕೆ ಸೀಳಿ ನೋಡಿದರೆ ಮೊದಲು ಜಂಬಿಟ್ಟಿಗೆಯ ಟೊಪ್ಪಿಗೆ, ಅದರ ಕೆಳಗೆ ಈ ಶೇಡಿ, ಅದರ ಕೆಳಗೆ ಅರೆಕೊಳೆತ ಕಲ್ಲಿನ ಗರಸು, ಎಲ್ಲಕ್ಕೂ ತಳದಲ್ಲಿ ಕೊಳೆಯದ ಮೂಲಶಿಲೆ. ಜಂಬಿಟ್ಟಿಗೆಯ ತುಂಬ ತೂತುಗಳಿರುವುದರಿಂದ ಮಳೆನೀರು ಸಲೀಸಾಗಿ ಇಳಿಯುತ್ತದೆ. ಶೇಡಿಯ ಮೇಲೆ ಬಂದು ತಡೆಯುತ್ತದೆ. ತಡೆದ ನೀರು ಮೇಲಿನ ಭಾರವನ್ನು ಒಳಗಿನಿಂದ ಒತ್ತಿ ಹಗುರ ಮಾಡುತ್ತದೆ, ಶೇಡಿಯನ್ನು ನುಣುಪು ಮಾಡುತ್ತದೆ, ಸಂದುಗಳಲ್ಲಿ ಅದನ್ನು ತೊಳೆದು ಒಯ್ಯುತ್ತದೆ. ಚಾಲಕ ಕಂಡ ಹಾಲಿನಂಥ ನೀರು ಇದೇ.

ಕಲ್ಲು ಮಣ್ಣಾಗುವ ಬಗೆಯನ್ನು ತಿಳಿಯಲು ನಮ್ಮ ತಾಲೂಕುಗಳ ಹೊಲಗಳನ್ನೇ ನೋಡಬಹುದು. ಕಲ್ಲುಗಳಲ್ಲಿ ಹೇರಳವಾಗಿರುವ ಫೆಲ್ಡ್‌ಸ್ಪಾರ್ ಎಂಬ ಖನಿಜದಲ್ಲಿ ಅಲ್ಯುಮಿನಿಯಂ, ಸಿಲಿಕಗಳೊಡನೆ ಸುಣ್ಣದ ಅಂಶ, ಸೋಡಿಯಂ, ಪೊಟ್ಯಾಸಿಯಂ ಇರುತ್ತವೆ. ಮಳೆನೀರು ಗಾಳಿಯಿಂದಲೂ ಬೇರುಗಳ ನೆಲದಿಂದಲೂ ಇಂಗಾಲಾಮ್ಲವನ್ನು ಹೀರಿ ತುಸು ಹುಳಿಯಾಗಿ ಇಳಿದು ಇವನ್ನು ಒಂದೊಂದಾಗಿ ಕರಗಿಸುತ್ತದೆ. ಸುಣ್ಣ, ಸೋಡಿಯಂ ಮೊದಲು ಹೋಗುತ್ತವೆ. ಪೊಟ್ಯಾಸಿಯಂ ತಡವಾಗಿ ಹೋಗುತ್ತದೆ. ಅಲ್ಯುಮಿನಿಯಂ, ಕಬ್ಬಿಣ ಬಹುಮಟ್ಟಿಗೆ ಉಳಿಯುತ್ತವೆ. ಮಳೆ ಕಡಿಮೆಯಾದ ಸವಣೂರಿನ ಕಡೆ ಸುಣ್ಣದ ಅಂಶ ಪೂರ್ತಿ ತೊಳೆದು ಹೋಗದೆ ನೆನೆದರೆ ಉಬ್ಬುವ, ಒಣಗಿದರೆ ಬಿರಿಯುವ ಎರೆಮಣ್ಣು ಆಗುತ್ತದೆ. ಮಳೆ ಹೆಚ್ಚಿದ ಹಾನಗಲ್ಲಿನ ಪಡುವಣ ಅಂಚಿಗೆ ಬಂದರೆ ನೆಲ ಕೆಂಪಗಾಗುತ್ತದೆ. ಘಟ್ಟಕ್ಕೆ ಹೋದರೆ ಕರಗುವುದೆಲ್ಲ ಕರಗಿ ಶೇಡಿ, ಜಂಬಿಟ್ಟಿಗೆಗಳೇ ಉಳಿಯುತ್ತವೆ.

ಇಲ್ಲಿ ಒಂದು ಮಾತು. ಶಾಸನಗಳ ಪಾನುಂಗಲ್ಲಾದ ನಮ್ಮ ಹಾನಗಲ್ಲಿನ ತಾರಕೇಶ್ವರ ದೇವಾಲಯದ ಕಲ್ಲು ಬಳಪದ ಜಾತಿಯದು, ಮೃದುವಾದುದು. ಆದರೂ ಶತಮಾನಗಳ ಮಳೆಯಲ್ಲಿ ಅದರ ಕೆತ್ತನೆ ಮಾಸಿಲ್ಲ. ಫೆಲ್ಡ್‌ಸ್ಪಾರ್ ಅದರಲ್ಲಿ ಅಷ್ಟಾಗಿ ಇಲ್ಲ, ಆದುದರಿಂದ ಜೇಡಿಯಾಗಿ ಕೊಳೆಯುವುದೂ ಇಲ್ಲ. ಅದೇ ಬಳಪದ ಕಲ್ಲು ಗುಡ್ಡದೊಳಗೆ ದಾರಿಯ ಕಡೆಗೆ ವಾಲಿದ ಹಾಳೆಗಳಾಗಿದ್ದರೆ ಜಾರಲಿಕ್ಕೆ ಬಹಳ ಅನುಕೂಲ. ಗುಡಿಗೆ ಒಳ್ಳೆಯದಾದ ಕಲ್ಲು ದರೆಗೆ ಒಳ್ಳೆಯದಾಗಬೇಕೆಂದಿಲ್ಲ.

ಕೊಳೆತದ ಪ್ರಮಾಣವನ್ನು ಅಂಕಿಯಲ್ಲಿ ಹೇಳುವ ಉಪಾಯಗಳು ೨೦ನೆಯ ಶತಮಾನದ ಉತ್ತರಾರ್ಧದಲ್ಲಿ ಬಳಕೆಗೆ ಬಂದವು. ೧೯೭೦ರಲ್ಲಿ ಪಾರ್ಕರ್ ಎಂಬವನು ಒಂದು ಸೂಚಿಯನ್ನು ಹೇಳಿದನು. ಹೆಚ್ಚು ಪ್ರಚಾರಕ್ಕೆ ಬಂದದ್ದು ೧೯೮೨ರಲ್ಲಿ ನೆಸ್ಬಿಟ್ ಮತ್ತು ಯಂಗ್ ಎಂಬಿಬ್ಬರು ಕೊಟ್ಟ ಸೂಚಿ. ಅವರು ಗುಡ್ಡ ಕುಸಿಯುವುದರ ವಿಚಾರಕ್ಕೆ ಹೋದವರಲ್ಲ. ಬಹು ಹಿಂದಿನ ಯುಗದ ಕೆಸರುಕಲ್ಲುಗಳಿಂದ ಆಗಿನ ಹವೆ ಹೇಗಿತ್ತೆಂದು ತಿಳಿಯಹೊರಟವರು. ಲೆಕ್ಕವೇನೋ ಸರಳ: ಅಲ್ಯುಮಿನಿಯಂ, ಸುಣ್ಣ, ಸೋಡಿಯಂ, ಪೊಟ್ಯಾಸಿಯಂ ಈ ನಾಲ್ಕರ ಆಕ್ಸೈಡುಗಳನ್ನು ತೂಕದಿಂದಲ್ಲದೆ ಅಣುಗಳ ಎಣಿಕೆಯಿಂದ ಕೂಡಿಸಿ, ಆ ಮೊತ್ತದಲ್ಲಿ ಅಲ್ಯುಮಿನಿಯಂನ ಪಾಲು ನೂರಕ್ಕೆ ಎಷ್ಟೆಂದು ನೋಡುವುದು. ಕೊಳೆಯದ ಗ್ರಾನೈಟಿನಲ್ಲಿ ಅದು ಸುಮಾರು ೫೦. ಶುದ್ಧ ಶೇಡಿಯಲ್ಲಿ ೧೦೦. ಕಲ್ಲಿನ ಪುಡಿಯ ಮೇಲೆ ಕ್ಷ-ಕಿರಣ ಹಾಯಿಸಿದರೆ ಯಾವ ಧಾತು ಎಷ್ಟಿದೆಯೆಂಬುದು ತಿಳಿಯುತ್ತದೆ. ಇಂಜಿನಿಯರರು ಈ ಲೆಕ್ಕವನ್ನು ಎರವಲು ಪಡೆದರು.

ಆದರೆ ಇದನ್ನು ಕಣ್ಣುಮುಚ್ಚಿ ನಂಬಿದವನು ಕೆಡುತ್ತಾನೆ. ಗುಡ್ಡದ ತಳದಿಂದ ಮೇಲಕ್ಕೆ ಬಂದಂತೆ ಅಂಕಿ ಏರುತ್ತ ಹೋಗುತ್ತದೆ. ಬಲ ಮಾತ್ರ ಮೊದಲು ಇಳಿದು, ಜಂಬಿಟ್ಟಿಗೆಗೆ ಬಂದಾಗ ಮರಳಿ ಏರುತ್ತದೆ. ಉಳಿದ ಕಬ್ಬಿಣ ಅಲ್ಲಿ ಗಾರೆಯ ಕೆಲಸ ಮಾಡುತ್ತದೆ. ಬುಕಾನನ್ನನು ಬೆರಗಾದ ಗುಣ ಇದೇ ಅಲ್ಲವೆ! ಅತಿ ಹೆಚ್ಚು ಕೊಳೆತದ್ದು ಗೋಡೆಯಂತೆ ನೆಟ್ಟಗೆ ನಿಲ್ಲುತ್ತದೆ, ಅದರ ಕೆಳಗಿನದು ಕುಸಿಯುತ್ತದೆ. ಆದ್ದರಿಂದ ಕಬ್ಬಿಣವನ್ನು ಬೇರೆ ಅಳೆಯಬೇಕು. ಜೇಡಿ ಯಾವ ಜಾತಿಯದೆಂದು ಬೇರೆ ನೋಡಬೇಕು. ಬಿರುಕುಗಳು ಯಾವ ದಿಕ್ಕಿಗೆ ವಾಲಿವೆ, ನೀರು ಎಲ್ಲಿ ನಿಲ್ಲುತ್ತದೆ ಎಂಬುದನ್ನು ಗುಡ್ಡ ಹತ್ತಿಯೇ ನೋಡಬೇಕು.

ಈ ವಿಷಯದಲ್ಲಿ ಪೆಟ್ಟು ತಿಂದು ಕಲಿತ ಊರು ಹಾಂಗ್‌ಕಾಂಗ್. ೧೯೭೨ರ ಜೂನ್ ೧೮ರಂದು, ಒಂದೇ ದಿನ, ಅಲ್ಲಿ ಎರಡು ಕಡೆ ಗುಡ್ಡ ಜಾರಿ ೧೩೮ ಜನ ಸತ್ತರು. ೧೯೭೭ರಲ್ಲಿ ಅಲ್ಲಿಯ ಸರಕಾರ ಇಳಿಜಾರುಗಳಿಗೆಂದೇ ಒಂದು ಕಚೇರಿಯನ್ನು ತೆರೆಯಿತು. ಆದರೂ ೧೯೯೫ರ ಆಗಸ್ಟ್‌ನಲ್ಲಿ ಫೇ ತ್ಸುಯ್ ಎಂಬ ರಸ್ತೆಯ ಮೇಲೆ ಸುಮಾರು ೧೪,೦೦೦ ಘನ ಮೀಟರು ಮಣ್ಣುಕಲ್ಲು ಬಿದ್ದಿತು. ಅಗೆದು ನೋಡಿದಾಗ ಕಲ್ಲಿನ ನಡುವೆ ಶೇಡಿಯ ಜಾತಿಯದೇ ಒಂದು ತೆಳುವಾದ ಪದರ ಸಿಕ್ಕಿತು.

ನಮ್ಮಲ್ಲಿಯೂ ಪೆಟ್ಟುಗಳು ಕಡಿಮೆಯಿಲ್ಲ. ೨೦೦೩ರ ಜೂನ್ ೨೨ರ ರಾತ್ರಿ ಕಾರವಾರದಿಂದ ಮುಂಬಯಿಗೆ ಹೊರಟಿದ್ದ ರಜೆಯ ವಿಶೇಷ ರೈಲು ವೈಭವವಾಡಿಯ ಬಳಿ ಹಳಿಯ ಮೇಲೆ ಬಿದ್ದಿದ್ದ ಬಂಡೆಗಳಿಗೆ ಬಡಿದು ಐವತ್ತಕ್ಕೂ ಹೆಚ್ಚು ಜನ ಸತ್ತರು. ಕೊಂಕಣ ರೈಲ್ವೆಯವರು ಆಮೇಲೆ ದರೆಗಳನ್ನು ಓರೆ ಮಾಡಿದರು, ಬಂಡೆಗಳಿಗೆ ಬಲೆ ಹೊದಿಸಿದರು, ಮಳೆಗಾಲಕ್ಕೆ ನಿಧಾನದ ಬೇರೆ ವೇಳಾಪಟ್ಟಿಯನ್ನು ನಡೆಸಿಕೊಂಡು ಬಂದರು. ೨೦೧೮ರ ಆಗಸ್ಟ್‌ನಲ್ಲಿ ಸಕಲೇಶಪುರ-ಸುಬ್ರಹ್ಮಣ್ಯ ಘಟ್ಟದ ರೈಲುದಾರಿ ಎಷ್ಟೋ ಕಡೆ ಮಣ್ಣಿನಡಿ ಮುಚ್ಚಿತು. ೨೦೨೧ರ ಜುಲೈಯಲ್ಲಿ ನಮ್ಮ ಅರಬೈಲು ಘಟ್ಟವೇ ಕುಸಿದು ಹುಬ್ಬಳ್ಳಿ-ಅಂಕೋಲೆಯ ಸಂಚಾರ ಕಡಿಯಿತು. ಇವೆಲ್ಲವೂ ಬಿದ್ದ ಮೇಲಿನ ಮಾತು. ಕಡಿಯುವ ಮುಂಚೆ ಕಲ್ಲನ್ನು ಕೇಳಿಕೊಳ್ಳುವ ವಾಡಿಕೆ ನಮ್ಮಲ್ಲಿ ಇನ್ನೂ ಗಟ್ಟಿಯಾಗಿಲ್ಲ.

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯವರು ೨೦೧೪ರಿಂದ ದೇಶದ ಗುಡ್ಡಗಾಡುಗಳಲ್ಲಿ ಎಲ್ಲೆಲ್ಲಿ ಕುಸಿತದ ಸಂಭವ ಹೆಚ್ಚೆಂದು ತೋರಿಸುವ ನಕಾಶೆಗಳನ್ನು ಮಾಡತೊಡಗಿದರು. ದೊಡ್ಡ ಕೆಲಸ, ಸಂದೇಹವಿಲ್ಲ. ಆದರೆ ಅವುಗಳ ಅಳತೆ ಐವತ್ತು ಸಾವಿರಕ್ಕೊಂದು. ಒಂದು ಸೆಂಟಿಮೀಟರಿಗೆ ಅರ್ಧ ಕಿಲೋಮೀಟರು. ಇನ್ನೂರು ಮೀಟರು ಉದ್ದದ ಒಂದು ದರೆ ಅದರಲ್ಲಿ ನಾಲ್ಕು ಮಿಲಿಮೀಟರು, ಒಂದು ಕಡಲೆಕಾಳಿಗಿಂತ ಚಿಕ್ಕದು. ಅದರೊಳಗೆ ಶೇಡಿ ಎಷ್ಟು ಆಳದಲ್ಲಿದೆ, ಎಷ್ಟು ದಪ್ಪವಿದೆ, ಯಾವ ಕಡೆಗೆ ವಾಲಿದೆ ಎಂಬುದನ್ನು ನಕಾಶೆ ಹೇಳಲಾರದು. ದರೆಯ ನೆತ್ತಿಯಿಂದ ಕೆಳಕ್ಕೆ ರಂಧ್ರ ಕೊರೆದು, ಒಂದೆರಡು ಮೀಟರಿಗೊಮ್ಮೆ ಒಂದು ಹಿಡಿ ಮಾದರಿ ತೆಗೆದು, ಪುಡಿ ಮಾಡಿ ಪರೀಕ್ಷಿಸಬೇಕು. ಹೆದ್ದಾರಿಯ ಖರ್ಚಿನ ಮುಂದೆ ಇದು ಲೆಕ್ಕಕ್ಕೇ ಬಾರದ ಹಣ.

ಈಚಿನ ವರ್ಷಗಳಲ್ಲಿ ದೇವಿಮನೆ ಘಟ್ಟದ ದಾರಿಯನ್ನೂ ಅಗಲಿಸುವ ಕೆಲಸ ನಡೆದು ಬಂದಿದೆ. ಹೊಸದಾಗಿ ಕಡಿದ ಕಡೆಗಳಲ್ಲಿ ಬಸ್ಸಿನ ಕಿಟಕಿಯಿಂದ ನೋಡಿದರೂ ಮೇಲೆ ಕೆಂಪು, ನಡುವೆ ಬಿಳುಪು, ಕೆಳಗೆ ಬೂದುಬಣ್ಣದ ಪಟ್ಟೆಗಳು ಕಾಣುತ್ತವೆ. ಕಳೆದ ಪ್ರವಾಸದಲ್ಲಿ ನಮ್ಮ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಆ ಬಿಳಿಯ ಪಟ್ಟೆಯನ್ನು ತೋರಿಸಿ, “ಸರ್, ನಮ್ಮಜ್ಜಿ ಗೋಡೆಗೆ ಹಚ್ಚೋ ಮಣ್ಣು ಅದು” ಎಂದಳು.