ಮೇಣದ ಕಾಗದಕ್ಕೆ ಇಳಿದ ಹಂಪೆ

1856ರಲ್ಲಿ ಮದರಾಸು ಸೈನ್ಯದ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ಹಂಪೆಯ ಅವಶೇಷಗಳ ಛಾಯಾಚಿತ್ರ ತೆಗೆಯಲು ಬಳಸಿದ್ದು ಮೇಣ ಹೀರಿಸಿದ ಕಾಗದದ ನೆಗೆಟಿವ್‌ಗಳನ್ನು, ಎಂದರೆ ಬೆಳಕು ನೆರಳುಗಳು ಅದಲುಬದಲಾಗಿ ಮೂಡುವ ಮೂಲಪ್ರತಿಗಳನ್ನು. ಆಗಿನ ಗಾಜಿನ ವಿಧಾನದಲ್ಲಿ ಲೇಪನದ ಪಸೆ ಆರುವ ಮೊದಲೇ ಚಿತ್ರ ತೆಗೆದು ಸಂಸ್ಕರಿಸಬೇಕಿದ್ದು, ಬಳ್ಳಾರಿ ಸೀಮೆಯ ಬಿರುಬಿಸಿಲಿಗೆ ಅದು ಒಗ್ಗುವಂಥದಾಗಿರಲಿಲ್ಲ. ಕಾಗದವನ್ನಾದರೋ ಮೊದಲೇ ಸಿದ್ಧಪಡಿಸಿ ಒಯ್ಯಬಹುದಿತ್ತು. ಆದರೆ ಕಾಗದ ಬೆಳಕನ್ನು ಹಿಡಿಯುವುದು ನಿಧಾನವಾದ್ದರಿಂದ ಮಸೂರವನ್ನು ಬಹಳ ಹೊತ್ತು ತೆರೆದಿಡಬೇಕಾಗಿ, ಗಾಳಿಗೆ ಅಲ್ಲಾಡುವ ಎಲೆ ಮಸುಕಾಗುತ್ತಿತ್ತು, ನಡೆದುಹೋಗುವವರು ಮೂಡುತ್ತಲೇ ಇರಲಿಲ್ಲ. ಹಾಗಾಗಿ ಈ ಚಿತ್ರಗಳನ್ನಷ್ಟೇ ನಂಬಿ ಹಂಪೆ ನಿರ್ಜನವಾಗಿತ್ತೆಂದು ತೀರ್ಮಾನಿಸುವುದು ದುಡುಕಾದೀತು. ಕಾಗದದಲ್ಲಿ ಬೆಳಕನ್ನು ಹಿಡಿಯುತ್ತಿದ್ದ ಬೆಳ್ಳಿಯ ಲವಣಕ್ಕೆ ನೀಲಿ ಬೆಳಕು ಬೇಗ ತಾಗುವುದರಿಂದ ಚಿತ್ರಗಳಲ್ಲಿ ಆಕಾಶ ಬರೀ ಬಿಳುಪಾಗಿ, ಮೋಡದ ಸುಳಿವು ಉಳಿಯುತ್ತಿದ್ದುದು ಅಪರೂಪ. 1980ರ ದಶಕದಲ್ಲಿ ಆಸ್ಟ್ರೇಲಿಯದ ಜಾನ್ ಗಾಲಿಂಗ್ಸ್ ಗ್ರೀನ್‌ಲಾ ನಿಂತಿದ್ದ ತಾಣಗಳನ್ನೇ ಹುಡುಕಿ ಮತ್ತೆ ಚಿತ್ರ ತೆಗೆದಿದ್ದರಿಂದ, ನಡುವೆ ಸ್ಮಾರಕಗಳಲ್ಲಿ ಆದ ಬದಲಾವಣೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುವುದು ಸಾಧ್ಯವಾಯಿತು.