ಆರ್‌ಎಫ್ ಕನೆಕ್ಟರ್‌ಗಳ ಸಂರಕ್ಷಣೆ

ನೆಟ್‌ವರ್ಕ್ ಅನಲೈಜರ್, ಸ್ಪೆಕ್ಟ್ರಮ್ ಅನಲೈಜರ್ ಮೊದಲಾದ ರೇಡಿಯೊ ಆವರ್ತನದ ಅಳತೆ ಉಪಕರಣಗಳ ಪೋರ್ಟ್‌ಗಳು ಕೆಡದಂತೆ ಕಾಯುವ ಕ್ರಮ. ಉಪಕರಣ ಲಕ್ಷಗಟ್ಟಲೆ ಬೆಲೆಯದು; ಮೊದಲು ಹಾಳಾಗುವುದು ಅದರ ಮುಖದ ಮೇಲಿನ ಕಿರುಬೆರಳ ತುದಿಯಷ್ಟು ಲೋಹ.

1940ರ ದಶಕದಲ್ಲಿ ಬೆಲ್ ಲ್ಯಾಬ್ಸ್‌ನ ಪಾಲ್ ನೀಲ್ ರೂಪಿಸಿದ ಎನ್ ಕನೆಕ್ಟರ್ ದಪ್ಪನೆಯದು, ಗಟ್ಟಿಮುಟ್ಟಾದದ್ದು. ಆವರ್ತನ ಏರಿದಂತೆ ಕನೆಕ್ಟರ್ ಕಿರಿದಾಗಲೇಬೇಕು. 1960ರ ದಶಕದಲ್ಲಿ ಎಸ್‌ಎಂಎ ಎಂಬ ಚಿಕ್ಕ ಕನೆಕ್ಟರ್ ಬಳಕೆಗೆ ಬಂದಾಗ ತೊಡಕೂ ಜೊತೆಗೇ ಬಂತು. ಎಷ್ಟೋ ಎಸ್‌ಎಂಎಗಳಲ್ಲಿ ಕೇಬಲ್ಲಿನ ಒಳತಂತಿಯ ತುದಿಯೇ ಪಿನ್. ಕತ್ತರಿಸುವಾಗ ಕೂದಲೆಳೆಯಷ್ಟು ಉದ್ದ ಉಳಿದರೂ ಅದು ಎದುರಿನ ಹೆಣ್ಣು ಕನೆಕ್ಟರಿನ ಸೀಳು ಬೆರಳುಗಳನ್ನು ಒತ್ತಿ ಬಾಗಿಸುತ್ತದೆ. ನಿಖರವಾದ 3.5 ಮಿ.ಮೀ. ಪೋರ್ಟಿಗೂ ಎಸ್‌ಎಂಎ ಸಲೀಸಾಗಿ ಕೂರುತ್ತದೆ, ಅಪಾಯ ಇರುವುದೇ ಅಲ್ಲಿ. ಒಮ್ಮೆ ಕೆಟ್ಟ ಪೋರ್ಟ್ ಆಮೇಲೆ ಬಂದ ಒಳ್ಳೆಯ ಕೇಬಲ್ಲುಗಳನ್ನೂ ಕೆಡಿಸುತ್ತಾ ಹೋಗುತ್ತದೆ.

1986ರಲ್ಲಿ ಹ್ಯೂಲೆಟ್-ಪ್ಯಾಕರ್ಡ್, ಆಂಫೆನಾಲ್ ಮತ್ತು ಎಂ/ಎ-ಕಾಂ ಕೂಡಿ 2.4 ಮಿ.ಮೀ. ಕನೆಕ್ಟರನ್ನು ತಂದವು. ಅದರ ಹೊರಗೋಡೆ ದಪ್ಪ. ಥ್ರೆಡ್ಡೇ ಬೇರೆಯಾದ್ದರಿಂದ ಎಸ್‌ಎಂಎ ಕೂರುವುದೇ ಇಲ್ಲ. ರಕ್ಷಣೆಯನ್ನು ವಿನ್ಯಾಸದೊಳಗೇ ಇಟ್ಟದ್ದು ಈ ಇತಿಹಾಸದ ದೊಡ್ಡ ಹೆಜ್ಜೆ.

ಉಳಿದದ್ದು ಕೈಯ ಶಿಸ್ತು. ತಿರುಗಿಸಬೇಕಾದದ್ದು ನಟ್ಟನ್ನು ಮಾತ್ರ. ಕನೆಕ್ಟರಿನ ಮೈಯನ್ನೇ ತಿರುಗಿಸಿದರೆ ಒಳಗಿನ ಪಿನ್ ಉಜ್ಜಿ ಸವೆಯುತ್ತದೆ. ಬಿಗಿತಕ್ಕೆ ಟಾರ್ಕ್ ರೆಂಚ್ ಬೇಕು: ಎಸ್‌ಎಂಎಗೆ 56 ನ್ಯೂಟನ್-ಸೆಂ.ಮೀ., 3.5 ಮತ್ತು 2.4 ಮಿ.ಮೀ.ಗಳಿಗೆ 90. ಧೂಳು ತೆಗೆಯಲು ಐಸೊಪ್ರೊಪೈಲ್ ಆಲ್ಕೊಹಾಲ್, ಪಿನ್ನಿನ ಆಳ ನೋಡಲು ಗೇಜ್.

ಜಾಲಹಳ್ಳಿಯ ಬಿಇಎಲ್ (1954), ಆರ್ಯಭಟ ಉಪಗ್ರಹ ರೂಪುಗೊಂಡ ಪೀಣ್ಯದ ಶೆಡ್‌ಗಳು, ಹೈದರಾಬಾದಿನ ಇಸಿಐಎಲ್ (1967), ಅಸ್ತ್ರ ಮೈಕ್ರೋವೇವ್ (1991): ದಕ್ಷಿಣದಲ್ಲಿ ರೇಡಿಯೊ ಆವರ್ತನದ ಕೆಲಸ ಬೇರೂರಿದ್ದು ಇಂಥ ಕಡೆ. 2017ರ ನವೆಂಬರ್ 28ರಂದು ಮಿಯಾಪುರದಲ್ಲಿ ಉದ್ಘಾಟನೆಯಾದ ಹೈದರಾಬಾದ್ ಮೆಟ್ರೊದ ರೈಲುಗಳ ನಿಯಂತ್ರಣವೂ ರೇಡಿಯೊ ಸಂಪರ್ಕವನ್ನೇ ನೆಚ್ಚಿದೆ. ಹೀಗೆ ರೇಡಿಯೊವನ್ನು ನಂಬಿ ಕೂತ ವ್ಯವಸ್ಥೆಗಳ ಹಿಂದೆ ನಂಬಬಹುದಾದ ಅಳತೆ ಇರಲೇಬೇಕು.

ಅತಿ ಸುಲಭದ ಕಾವಲು ಕನೆಕ್ಟರ್ ಸೇವರ್. ಪೋರ್ಟಿಗೆ ಸದಾ ಕೂಡಿಸಿಡುವ ಈ ಚಿಕ್ಕ ಅಡಾಪ್ಟರ್ ದಿನದಿನದ ಸವೆತವನ್ನು ತಾನೇ ಹೊರುತ್ತದೆ. ಸವೆದಾಗ ಅದೊಂದನ್ನೇ ಬದಲಿಸಿದರಾಯಿತು. ಆದರೆ ಕ್ಯಾಲಿಬ್ರೇಷನ್ ಮಾಡುವಾಗ ಸೇವರ್ ಪೋರ್ಟಿನಲ್ಲೇ ಇರಬೇಕು, ಬದಲಿಸಿದ ಮೇಲೆ ಮತ್ತೊಮ್ಮೆ ಕ್ಯಾಲಿಬ್ರೇಟ್ ಮಾಡಬೇಕು.