ಕುರುಹು ಮತ್ತು ಅರಿವು

ಖ್ಯಾತ ಪಿಟೀಲುವಾದಕ ಯೆಹೂದಿ ಮೆನುಹಿನ್ ಅವರು 1951ರಲ್ಲಿ ನ್ಯೂಜಿಲೆಂಡಿನ ಚಿಕಿತ್ಸಕರೊಬ್ಬರಲ್ಲಿಗೆ ಹೋಗಿದ್ದಾಗ ಯೋಗದ ಪುಟ್ಟ ಪುಸ್ತಕವೊಂದನ್ನು ಕಂಡರು. ಅದನ್ನು ನೋಡಿಕೊಂಡೇ ಆಸನಗಳನ್ನು ಅಭ್ಯಸಿಸತೊಡಗಿದರು. 1952ರಲ್ಲಿ ಮುಂಬಯಿಯಲ್ಲಿ ಅವರಿಗೆ ಗುರುವಾಗಿ ದೊರೆತವರು ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಜನಿಸಿದ ಬಿ.ಕೆ.ಎಸ್. ಅಯ್ಯಂಗಾರ್. ಪುಸ್ತಕ ಹುಟ್ಟಿಸಿದ ಹಸಿವನ್ನು ಗುರುವಿನ ಕೈ ತಣಿಸಿತು.

ಆ ಗುರುವೇ 1966ರಲ್ಲಿ ‘ಲೈಟ್ ಆನ್ ಯೋಗ’ ಗ್ರಂಥವನ್ನು ಹೊರತಂದರು. ಮುನ್ನುಡಿ ಬರೆದವರು ಮೆನುಹಿನ್. ಸುಮಾರು 600 ಚಿತ್ರಗಳೂ 300 ವಾರಗಳ ಅಭ್ಯಾಸಕ್ರಮವೂ ಉಳ್ಳ ಆ ಗ್ರಂಥವು, ಗುರು ದೊರೆಯದ ಅಸಂಖ್ಯ ಮನೆಗಳಿಗೆ ಯೋಗವನ್ನು ಮುಟ್ಟಿಸಿತು.

ಆದರೆ ಆಸನ ಸಿದ್ಧಿಸಿದೊಡನೆ ಯೋಗ ಸಿದ್ಧಿಸೀತೇ? ಚಾಮರಸನ ‘ಪ್ರಭುಲಿಂಗಲೀಲೆ’ಯಲ್ಲಿ ಗೋರಕ್ಷನ ವಜ್ರಕಾಯಕ್ಕೆ ಖಡ್ಗ ತಾಗಿದಾಗ ಖಣಿಲೆಂಬ ಸದ್ದು, ಅಲ್ಲಮಪ್ರಭುಗಳ ಕಾಯದಲ್ಲಾದರೋ ಅದು ಬಯಲಲ್ಲಿ ಬೀಸಿದಂತೆ ಹಾಯ್ದುಹೋಯಿತು. ಗೋರಕ್ಷನ ಗರ್ವ ಅಳಿಯಿತು. ಗಟ್ಟಿಗೊಂಡ ಕಾಯಕ್ಕಿಂತ ‘ನಾನು’ ಅಳಿದ ಬಯಲೇ ಹಿರಿದೆಂಬುದು ಶರಣರ ಶಿವಯೋಗ.

ಮನೆಯಲ್ಲಿ ಕುಳಿತು ಪುಟ ತಿರುವುವ ಸಾಧಕನು ಇದನ್ನು ಮರೆಯಲಾಗದು. ಆಸನವನ್ನು ಪುಸ್ತಕ ತೋರುತ್ತದೆ, ತಪ್ಪನ್ನು ಬಲ್ಲವರು ತಿದ್ದುತ್ತಾರೆ. ಅಹಂಕಾರವನ್ನು ಮಾತ್ರ ಸಾಧಕನೇ ಕಳೆದುಕೊಳ್ಳಬೇಕು. ಪುಸ್ತಕವು ಕುರುಹು, ಶರಣರು ಗುರುವೆಂದು ಕಂಡದ್ದು ಅರಿವನ್ನು.